ಕಿವಿ ಮುಚ್ಚದ, ಬೆವರಿಗೆ ಕೆಡದ, ಕೈಗೆಟಕುವ ಹೆಡ್‌ಸೆಟ್ ಬೇಕು: ಉಬ್ರಾಣಿ ಹೋಬಳಿ ಓಟದವರ ಹಕ್ಕೊತ್ತಾಯ ಪತ್ರ

ಇವರಿಗೆ: ಹೆಡ್‌ಫೋನ್ ತಯಾರಿಸುವ, ಆಮದು ಮಾಡುವ ಕಂಪನಿಗಳಿಗೆ, ಆನ್‌ಲೈನ್ ಮಾರಾಟ ತಾಣಗಳಿಗೆ, ಚನ್ನಗಿರಿ, ಭದ್ರಾವತಿ, ದಾವಣಗೆರೆಯ ಮೊಬೈಲ್ ಅಂಗಡಿಯವರಿಗೆ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಗೆ, ಜಿಎಸ್‌ಟಿ ಮಂಡಳಿಗೆ, ನಮ್ಮ ಗ್ರಾಮ ಪಂಚಾಯಿತಿಗಳಿಗೆ. ಹದಿನೇಳನೆಯ ಬೇಡಿಕೆ ನಮ್ಮ ಮೇಲೆಯೇ ಇದೆ.



ಬೆಳಗಿನ ಐದಕ್ಕೆ ಉಬ್ರಾಣಿ ಸುತ್ತಲಿನ ರಸ್ತೆಗಳಲ್ಲಿ ಓಡುವವರು ಪೇಟೆಯ ಮ್ಯಾರಥಾನ್ ಮಂದಿಯಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಆಗಲು 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕಾದ ಹುಡುಗರು, 400 ಮೀಟರನ್ನು ಎರಡು ನಿಮಿಷದೊಳಗೆ ಮುಗಿಸಬೇಕಾದ ಹುಡುಗಿಯರು, ಸೈನ್ಯದ ಭರ್ತಿಗೆ ತಯಾರಾಗುವವರು, ಸಕ್ಕರೆ ಕಾಯಿಲೆ ಬಂತೆಂದು ಡಾಕ್ಟರ ಮಾತಿಗೆ ಹೊರಬಿದ್ದ ನಡುವಯಸ್ಸಿನವರು. ಹೆಚ್ಚಿನವರ ಕಿವಿಯಲ್ಲಿ ಏನಾದರೊಂದು ಇರುತ್ತದೆ: ತಂತಿಯ ಇಯರ್‌ಫೋನ್, ಕೊರಳಿನ ನೆಕ್‌ಬ್ಯಾಂಡ್, ಅಣ್ಣನಿಂದ ಇಸಿದುಕೊಂಡ ಬಡ್ಸ್.

ಹಾಡು ಕೇಳುತ್ತ ಓಡುವುದು ಶೋಕಿ ಎನ್ನುವ ಹಿರಿಯರಿಗೆ ಒಂದು ಮಾತು. ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ 1998ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಳಾಂಗಣದಲ್ಲಿ 2,000 ಮೀಟರ್ ವಿಶ್ವದಾಖಲೆ ಮಾಡಿದಾಗ ಕ್ರೀಡಾಂಗಣದ ಸ್ಪೀಕರಿನಲ್ಲಿ ಹಾಡು ಹಾಕಿಸಿಕೊಂಡು ಅದರ ತಾಳಕ್ಕೆ ಹೆಜ್ಜೆ ಹಾಕಿದ್ದರು. ತಾಳ ಹಿಡಿದರೆ ದಣಿವು ತಡವಾಗಿ ತಿಳಿಯುತ್ತದೆ ಎಂಬುದನ್ನು ಡೊಳ್ಳು ಕಟ್ಟಿ ಕುಣಿಯುವವರಿಗೆ ಹೇಳಿಕೊಡಬೇಕಾಗಿಲ್ಲ.

ನಮ್ಮ ತಕರಾರು ಹಾಡಿನ ಮೇಲಲ್ಲ, ಹಾಡು ಕೇಳಿಸುವ ಸಾಮಾನಿನ ಮೇಲೆ. ಉದ್ಯೋಗ ಖಾತ್ರಿಯ ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ. 1,500 ರೂಪಾಯಿಯ ಹೆಡ್‌ಸೆಟ್ ಎಂದರೆ ನಾಲ್ಕು ದಿನದ ಮಣ್ಣು ಕೆಲಸ. ಅಷ್ಟು ಕೊಟ್ಟು ತಂದದ್ದು ಒಂದು ಮಳೆಗಾಲ ದಾಟದಿದ್ದರೆ, ಡಬ್ಬಿಯ ಮೇಲೆ ಬರೆದದ್ದಕ್ಕೂ ಒಳಗಿರುವುದಕ್ಕೂ ತಾಳೆಯಾಗದಿದ್ದರೆ, ಕೇಳುವ ಹಕ್ಕು ನಮಗಿದೆ. ಕೇಳುತ್ತಿದ್ದೇವೆ.

1. ಕಿವಿ ತೆರೆದಿರುವ ಹೆಡ್‌ಸೆಟ್ 1,500 ರೂಪಾಯಿಯೊಳಗೆ ಸಿಗಬೇಕು.

ಇದು ನಮ್ಮ ಮೊದಲ ಬೇಡಿಕೆ, ಉಳಿದವು ಇದರ ಹಿಂದೆ. ಉಬ್ರಾಣಿ ಕಡೆಯ ರಸ್ತೆಯ ಒಂದು ಮಗ್ಗುಲಿಗೆ ಅಡಿಕೆ ತೋಟ, ಇನ್ನೊಂದು ಮಗ್ಗುಲಿಗೆ ಕಾಡು. ಸುಗ್ಗಿಯಲ್ಲಿ ಹಸಿ ಅಡಿಕೆ ಹೇರಿಕೊಂಡ ಟ್ರ್ಯಾಕ್ಟರು, ಪಿಕಪ್‌ಗಳು ಕತ್ತಲಿರುವಾಗಲೇ ಹೊರಡುತ್ತವೆ. ಎಷ್ಟೋ ಟ್ರೈಲರ್‌ಗಳಿಗೆ ಹಿಂದಿನ ದೀಪವೇ ಇರುವುದಿಲ್ಲ. ನಾಯಿಗಳ ವಿಷಯ ಬೇಡ. ಆನೆಯ ವಿಷಯ ಮಾತ್ರ ಹೇಳಲೇಬೇಕು. 2023ರ ಏಪ್ರಿಲ್‌ನಲ್ಲಿ ನಮ್ಮದೇ ಚನ್ನಗಿರಿ ತಾಲ್ಲೂಕಿನ ಸೋಮಲಾಪುರದಲ್ಲಿ ಕಾಡಾನೆ ದಾಳಿಗೆ ಹುಡುಗಿಯೊಬ್ಬಳು ಜೀವ ಕಳೆದುಕೊಂಡಳು. ಆನೆ ಹಿಡಿಯುವ ಕಾರ್ಯಾಚರಣೆಗೆಂದು ನ್ಯಾಮತಿ ತಾಲ್ಲೂಕಿನ ಜೀನಹಳ್ಳಿಗೆ ಹೋಗಿದ್ದ ಸಕ್ರೆಬೈಲು ಆನೆ ಬಿಡಾರದ ಪಶುವೈದ್ಯರು ತೀವ್ರವಾಗಿ ಗಾಯಗೊಂಡರು. ಇಂಥ ಸೀಮೆಯಲ್ಲಿ ಬಿದಿರು ಮುರಿದ ಸದ್ದು ಕೇಳಿಸದಂತೆ ಕಿವಿಗೆ ರಬ್ಬರ್ ಬಿರಡೆ ಹಾಕಿಕೊಂಡು ಓಡು ಎನ್ನುವ ಸಾಮಾನು ನಮಗೆ ಬೇಕಿಲ್ಲ.

ಅಂಗಡಿಯಲ್ಲಿ ಸಾವಿರ ರೂಪಾಯಿ ಆಸುಪಾಸಿಗೆ ಸಿಗುವುದರಲ್ಲಿ ಹೆಚ್ಚಿನದು ಕಿವಿಯ ತೂತಿಗೆ ಬಿಗಿಯಾಗಿ ಕೂರುವಂಥದ್ದು. ಬಸ್ಸಿನಲ್ಲಿ, ಜಿಮ್ಮಿನಲ್ಲಿ ಅದು ಒಳ್ಳೆಯದು: ಹೊರಗಿನ ಗದ್ದಲ ತಡೆಯುತ್ತದೆ, ಬೇಸ್ ಚೆನ್ನಾಗಿ ಬರುತ್ತದೆ. ರಸ್ತೆಯಲ್ಲಿ ಅದೇ ಗುಣ ಅಪಾಯ. ತೆರೆದ ಕಿವಿಗೆ ಮೂರು ದಾರಿ ಇವೆ. ಕಿವಿಯ ಮುಂದಿನ ಮೂಳೆಯ ಮೇಲೆ ಕೂತು ಕಂಪನದಿಂದ ಸದ್ದು ಮುಟ್ಟಿಸುವ ಬೋನ್ ಕಂಡಕ್ಷನ್. ಕಿವಿಯ ಮೇಲೆ ಕೊಕ್ಕೆ ಹಾಕಿ ತೂತಿನ ಹತ್ತಿರ ಪುಟ್ಟ ಸ್ಪೀಕರ್ ನಿಲ್ಲಿಸುವ ಬಗೆ. ಇನ್ನು ಹಿಂದೆ ಫೋನಿನ ಡಬ್ಬಿಯಲ್ಲೇ ಬರುತ್ತಿದ್ದ, ರಬ್ಬರ್ ಇಲ್ಲದ ಗಟ್ಟಿ ಪ್ಲಾಸ್ಟಿಕ್ಕಿನ ಹಳೇ ನಮೂನೆ. ಮೊದಲನೆಯದರಲ್ಲಿ ಹೆಸರಾದ ಕಂಪನಿ ಶಾಕ್ಸ್, ಅದರ ಬೆಲೆ ನಮ್ಮ ಜೇಬಿಗೆ ಮೀರಿದ್ದು. ಎರಡನೆಯದು ಈಗೀಗ ಕೈಗೆಟಕುವ ಬೆಲೆಗೆ ಇಳಿಯುತ್ತಿದೆ. ಮೂರನೆಯದು ಅಗ್ಗ, ಆದರೆ ಅಂಗಡಿಯಿಂದಲೇ ಮಾಯವಾಗುತ್ತಿದೆ. ಓಟಕ್ಕೆ, ವ್ಯಾಯಾಮಕ್ಕೆ ಎಂದು ಜಾಹೀರಾತು ಮಾಡುವ ಪ್ರತಿ ಕಂಪನಿಯೂ ಈ ಮೂರರಲ್ಲಿ ಒಂದನ್ನಾದರೂ 1,500ರೊಳಗೆ ಕೊಡಬೇಕು.

2. 'ಬೋನ್ ಕಂಡಕ್ಷನ್' ಎಂದು ಬರೆದರೆ ಒಳಗೆ ಅದೇ ಇರಬೇಕು.

ಆನ್‌ಲೈನ್‌ನಲ್ಲಿ ಏಳೆಂಟು ನೂರಕ್ಕೆ ಸಿಗುವ ಎಷ್ಟೋ 'ಬೋನ್ ಕಂಡಕ್ಷನ್' ಸೆಟ್ಟುಗಳಲ್ಲಿ ಮೂಳೆಗೂ ಸದ್ದಿಗೂ ಸಂಬಂಧವಿಲ್ಲ. ಆಕಾರ ಮಾತ್ರ ಅದು, ಒಳಗಿರುವುದು ಗಾಳಿಯಲ್ಲಿ ಸದ್ದು ಬಿಡುವ ಸಾಮಾನ್ಯ ಸ್ಪೀಕರ್. ಪರೀಕ್ಷೆ ಸುಲಭ. ಹಾಡು ಹಾಕಿ, ಎರಡೂ ಕಿವಿಯ ತೂತನ್ನು ಬೆರಳಿನಿಂದ ಮುಚ್ಚಿ. ನಿಜವಾದ ಬೋನ್ ಕಂಡಕ್ಷನ್ ಆದರೆ ಸದ್ದು ಹೆಚ್ಚುತ್ತದೆ, ಬೇಸ್ ತುಂಬಿಕೊಂಡಂತೆ ಕೇಳುತ್ತದೆ. ಬರೀ ಸ್ಪೀಕರ್ ಆದರೆ ಸದ್ದು ಕುಗ್ಗುತ್ತದೆ. ತೆರೆದ ಕಿವಿಯ ಮಟ್ಟಿಗೆ ಸ್ಪೀಕರ್ ಇದ್ದರೂ ಕೆಲಸ ನಡೆಯುತ್ತದೆ, ಅದನ್ನು ಅದರ ಹೆಸರಿನಲ್ಲೇ ಮಾರಿ.

3. ಇಎನ್‌ಸಿ ಎಂದರೇನು ಎಂಬುದನ್ನು ಡಬ್ಬಿಯ ಮೇಲೆ ಬಿಡಿಸಿ ಹೇಳಬೇಕು.

ಅಗ್ಗದ ಡಬ್ಬಿಗಳ ಮೇಲೆ 'ಇಎನ್‌ಸಿ' ಎಂದು ದಪ್ಪ ಅಕ್ಷರದಲ್ಲಿ ಇರುತ್ತದೆ. ಕೊಳ್ಳುವವರು ಹೊರಗಿನ ಗದ್ದಲ ತಮಗೆ ಕೇಳಿಸುವುದಿಲ್ಲ ಎಂದುಕೊಳ್ಳುತ್ತಾರೆ. ಆ ಸೌಲಭ್ಯ ಇರುವುದು ಮೈಕಿಗೆ: ನೀವು ಫೋನಿನಲ್ಲಿ ಮಾತಾಡುವಾಗ ಆ ತುದಿಯಲ್ಲಿರುವವರಿಗೆ ನಿಮ್ಮ ಸುತ್ತಲಿನ ಗದ್ದಲ ಕಡಿಮೆ ಕೇಳುತ್ತದೆ, ಅಷ್ಟೆ. ನಮ್ಮ ಕಿವಿಗೆ ಬರುವ ಗದ್ದಲ ಕಡಿಮೆ ಮಾಡುವುದು ಎಎನ್‌ಸಿ. ಅದು ಬೇರೆ, ದುಬಾರಿ, ರಸ್ತೆ ಓಟಕ್ಕೆ ಬೇಡವೇ ಬೇಡ. ಇದ್ದರೂ ಆರಿಸಿಡಬೇಕು. ಇಲ್ಲದ ಗುಣ ಇದೆ ಎಂದು ತಿಳಿದು ಜನ ಇನ್ನೂರು ಮುನ್ನೂರು ಹೆಚ್ಚು ಕೊಡುತ್ತಿದ್ದಾರೆ.

4. ನೀರಿನ ಅಂಕಿಯ ಜೊತೆ ಧೂಳಿನ ಅಂಕಿಯೂ ಇರಬೇಕು.

ಐಪಿಎಕ್ಸ್4, ಐಪಿಎಕ್ಸ್5 ಎಂದು ಎಲ್ಲರೂ ಬರೆಯುತ್ತಾರೆ. ಐಪಿ ಆದಮೇಲಿನ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಎಕ್ಸ್ ಎಂದರೆ ಧೂಳಿನ ವಿಷಯದಲ್ಲಿ ಕಂಪನಿ ಏನೂ ಹೇಳಿಲ್ಲ ಎಂದರ್ಥ. 4 ಎಂದರೆ ಎಲ್ಲ ದಿಕ್ಕಿನಿಂದ ಸಿಡಿಯುವ ನೀರು ತಡೆಯುತ್ತದೆ. 5 ಎಂದರೆ ಚಿಮ್ಮುವ ನೀರಿನ ಧಾರೆ. 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ. ಓಟಕ್ಕೆ 4 ಕನಿಷ್ಠ, 5 ಇದ್ದರೆ ಮುಂಗಾರಿನ ಜಡಿಯಲ್ಲೂ ನೆಮ್ಮದಿ. 7ಕ್ಕಾಗಿ ಹೆಚ್ಚು ದುಡ್ಡು ಸುರಿಯುವುದು ಬೇಕಿಲ್ಲ, ನಾವು ಸೂಳೆಕೆರೆಯಲ್ಲಿ ಈಜುತ್ತ ಹಾಡು ಕೇಳುವವರಲ್ಲ.

ಇಲ್ಲಿ ಎರಡು ಕೊರತೆ. ಫೆಬ್ರವರಿಯಿಂದ ಮೇವರೆಗೆ ನಮ್ಮ ಮಣ್ಣು ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಹೋದರೆ ಹಿಂದೆ ಓಡುವವರ ಹುಬ್ಬು ಕೆಂಪಗಾಗುತ್ತದೆ. ಆ ಧೂಳು ಸ್ಪೀಕರಿನ ಜಾಲರಿಯಲ್ಲಿ, ಚಾರ್ಜಿಂಗ್ ಪಿನ್ನಿನಲ್ಲಿ ಕೂರುತ್ತದೆ. ಐಪಿ55ರಂತೆ ಎರಡೂ ಅಂಕಿ ಇರುವ ಸೆಟ್ ಅಗ್ಗದಲ್ಲಿ ಅಪರೂಪ. ಇನ್ನೊಂದು: ಈ ಪರೀಕ್ಷೆಗಳು ನಡೆಯುವುದು ಸಿಹಿನೀರಿನಲ್ಲಿ. ಬೆವರು ಉಪ್ಪುನೀರು. ಲೋಹಕ್ಕೆ ತುಕ್ಕು ಹಿಡಿಸುವುದರಲ್ಲಿ ಅದರ ಕೈ ಮೇಲು. ಓಡಿ ಬಂದು ಒದ್ದೆ ಬಡ್‌ಗಳನ್ನು ಹಾಗೆಯೇ ಡಬ್ಬಿಗೆ ಹಾಕಿ ಮುಚ್ಚಿದರೆ ಸ್ವಲ್ಪ ದಿನದಲ್ಲೇ ಪಿನ್ನಿನ ಮೇಲೆ ಹಸಿರು ಪಾಚಿಯಂಥದ್ದು ಕಾಣುತ್ತದೆ, ಆಮೇಲೆ ಎಡಗಡೆಯದು ಚಾರ್ಜ್ ಆಗುವುದಿಲ್ಲ. 'ಸ್ಪೋರ್ಟ್ಸ್' ಎಂಬ ಮಾತು ಬಳಸುವ ಕಂಪನಿ ಬೆವರಿನ ಪರೀಕ್ಷೆ ಮಾಡಿಸಿ ಫಲಿತಾಂಶ ಬರೆಯಬೇಕು.

5. ಒಳಗೆ ಬೆವರು ಹೋಯಿತೆಂದು ವಾರಂಟಿ ನಿರಾಕರಿಸಬಾರದು.

ಡಬ್ಬಿಯ ಮೇಲೆ ನೀರಹನಿಯ ಚಿತ್ರ, ಒಳಗಿನ ವಾರಂಟಿ ಕಾಗದದಲ್ಲಿ 'ನೀರಿನಿಂದಾದ ಹಾನಿಗೆ ಅನ್ವಯಿಸುವುದಿಲ್ಲ'. ಎರಡನ್ನೂ ಒಂದೇ ಕಂಪನಿ ಅಚ್ಚು ಹಾಕಿಸಿರುತ್ತದೆ! ನಮ್ಮಲ್ಲೊಬ್ಬರು ಇಂಥದ್ದೇ ಒಂದನ್ನು ಅಂಗಡಿಗೆ ಒಯ್ದಾಗ ಆದ ಮಾತು:

'ಅಣ್ಣ, ಬೆವರು ತಡೀತದೆ ಅಂತ ಬರ್ದೈತಲ್ಲ, ವಾರಂಟಿ ಐತೇನು?'

'ಕಂಪ್ನಿದು ಐತಪ್ಪ, ನಮ್ದಲ್ಲ. ಕಂಪ್ನೀರು ಬೆವ್ರು ಅಂದ್ರೆ ನೀರು ಅಂತಾರೆ, ನೀರಿಗೆ ಕೊಡಂಗಿಲ್ಲ ಅಂತಾರೆ.'

ಅಂಗಡಿಯವರದೇನೂ ತಪ್ಪಿಲ್ಲ. ಐಪಿ ಅಂಕಿ ಬರೆದು ಮಾರಿದ ಮೇಲೆ ಆ ಅಂಕಿಯ ಮಟ್ಟಿಗಿನ ನೀರಿನ ಹಾನಿ ವಾರಂಟಿಯೊಳಗೆ ಬರಲೇಬೇಕು. ಹಾಗೆಯೇ ಕೆಟ್ಟ ಸೆಟ್ಟನ್ನು ಬೆಂಗಳೂರಿಗೆ ಕೊರಿಯರ್ ಮಾಡು ಎನ್ನುವುದು ನಿಲ್ಲಬೇಕು. ಕೊಂಡ ಅಂಗಡಿಯಲ್ಲೋ ಕೊನೆಪಕ್ಷ ತಾಲ್ಲೂಕು ಕೇಂದ್ರದಲ್ಲೋ ಒಪ್ಪಿಸಿಕೊಳ್ಳುವ ವ್ಯವಸ್ಥೆ ಬೇಕು.

6. ಗಂಟೆಯ ಲೆಕ್ಕ ಸುಳ್ಳಾಗಬಾರದು.

'40 ಗಂಟೆ' ಎಂದರೆ ಚಾರ್ಜಿಂಗ್ ಡಬ್ಬಿಯದನ್ನೂ ಸೇರಿಸಿ. ಕಿವಿಯಲ್ಲಿರುವ ಬಡ್ ಒಂದೇ ಉಸಿರಿಗೆ ಎಷ್ಟು ಹೊತ್ತು ಹಾಡುತ್ತದೆ ಎಂಬುದು ಸಣ್ಣ ಅಕ್ಷರದಲ್ಲೆಲ್ಲೋ ಇರುತ್ತದೆ. ಅದನ್ನೂ ಅಳೆದಿರುವುದು ಸಾಮಾನ್ಯವಾಗಿ ಅರ್ಧ ವಾಲ್ಯೂಮಿನಲ್ಲಿ. ಬಡ್‌ನ ಗಂಟೆ, ಡಬ್ಬಿಯ ಗಂಟೆ ಬೇರೆ ಬೇರೆ ಬರೆಯಿರಿ. ಕೊಳ್ಳುವವರಿಗೆ: ಬೆಳಗಿನ ಒಂದು ಗಂಟೆ ಓಟಕ್ಕೆ 40 ಗಂಟೆಯ ಮೋಹ ಬೇಡ, ಬಡ್ ಐದು ಗಂಟೆ ಬಂದರೆ ಧಾರಾಳ.

7. ಬ್ಯಾಟರಿ ಬದಲಿಸುವಂತಿರಬೇಕು, ಒಂದೇ ಬಡ್ ಸಿಗಬೇಕು.

ಲಿಥಿಯಂ ಬ್ಯಾಟರಿ ಎಷ್ಟೇ ಒಳ್ಳೆಯದಾದರೂ ಕೆಲವು ನೂರು ಸಲ ಚಾರ್ಜ್ ಆದಮೇಲೆ ಸೊರಗುತ್ತದೆ. ಬಡ್‌ನೊಳಗಿನದು ಹುಣಸೆಬೀಜದಷ್ಟು, ಅದು ಸತ್ತರೆ ಚೆನ್ನಾಗಿರುವ ಸ್ಪೀಕರ್, ಮೈಕ್ ಎಲ್ಲವೂ ತಿಪ್ಪೆಗೆ. ಯುರೋಪಿನ ಒಕ್ಕೂಟ 2023ರಲ್ಲಿ ತಂದ ಬ್ಯಾಟರಿ ಕಾನೂನಿನ ಪ್ರಕಾರ 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಇಂಥ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಹಾಕುವಂತಿರಬೇಕು. ನೆದರ್‌ಲ್ಯಾಂಡ್ಸ್‌ನ ಫೇರ್‌ಫೋನ್ ಕಂಪನಿ 2024ರಲ್ಲೇ ಬಡ್ಸ್‌ಗೂ ಡಬ್ಬಿಗೂ ಬ್ಯಾಟರಿ ಬದಲಿಸುವಂಥ ಸೆಟ್ ಮಾಡಿ ತೋರಿಸಿದೆ. ಆಗುವುದಿಲ್ಲ ಎನ್ನುವ ನೆಪ ಮುಗಿಯಿತು. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಹೆಡ್‌ಸೆಟ್ ಕಂಪನಿಗಳೆಲ್ಲ ಅದರೊಳಗೆ ಬರಲಿ.

ನೆಕ್‌ಬ್ಯಾಂಡ್ ಈ ವಿಷಯದಲ್ಲಿ ವಾಸಿ. ಅದರ ಬ್ಯಾಟರಿ ದೊಡ್ಡದು, ಭದ್ರಾವತಿಯಲ್ಲಿ ಕೈಚಳಕವಿರುವ ಮೊಬೈಲ್ ರಿಪೇರಿಯವರು ಬೆಸುಗೆ ಹಾಕಿ ಹೊಸದು ಕೂರಿಸುತ್ತಾರೆ. ಓಡುವಾಗ ಬಿದ್ದರೂ ಕೊರಳಲ್ಲೇ ಇರುತ್ತದೆ. ಬೇರೆ ಬೇರೆ ಬಡ್ ಆದರೆ ಒಂದು ಜಿಗಿದು ರಸ್ತೆ ಬದಿಯ ಹುಲ್ಲಿಗೆ ಬಿತ್ತೆಂದರೆ ಮುಗಿಯಿತು. ಆಪಲ್‌ನಂಥ ದುಬಾರಿ ಕಂಪನಿ ಕಳೆದುಹೋದ ಒಂದೇ ಬಡ್ಡನ್ನು ಮಾರುತ್ತದೆ. ಅಗ್ಗದ ಕಂಪನಿಗಳು ಹೊಸ ಜೋಡಿ ಕೊಳ್ಳಿ ಎನ್ನುತ್ತವೆ. ಬಡವರ ಬಡ್ ಕಳೆಯುವುದಿಲ್ಲವೇ?

8. ಒತ್ತುವ ಗುಂಡಿ ಇರಲಿ, ಮುಟ್ಟುವ ಜಾಗ ಬೇಡ.

ಬೆವರಿನ ಹನಿ ಬಿದ್ದರೂ ಸಾಕು, ಟಚ್ ಜಾಗ ಅದನ್ನು ಬೆರಳು ಎಂದುಕೊಂಡು ಹಾಡು ನಿಲ್ಲಿಸುತ್ತದೆ, ಇಲ್ಲವೇ ಕೊನೆಗೆ ಮಾತಾಡಿದವರಿಗೆ ಕರೆ ಹೋಗುತ್ತದೆ. ಬೆಳಗಿನ ಐದೂಕಾಲಿಗೆ ಮಾವನ ಮನೆಗೆ ಫೋನ್ ಹೋಗುವುದು ಯಾರಿಗೂ ಬೇಕಿಲ್ಲ.

9. ಅಳತೆ ಗಂಡಸರ ಕಿವಿಯದ್ದೊಂದೇ ಅಲ್ಲ.

ಓಡುವ ಹೆಣ್ಣುಮಕ್ಕಳು ಹೇಳಿದ್ದನ್ನು ಇಲ್ಲಿ ಸೇರಿಸಿದ್ದೇವೆ. ಹಿಂದೆ ಜಡೆ, ನೆಕ್‌ಬ್ಯಾಂಡ್ ಅದಕ್ಕೆ ಸಿಕ್ಕಿ ಎಳೆಯುತ್ತದೆ. ಕಿವಿಯಲ್ಲಿ ಓಲೆ, ಮಾಟಿ ಇದ್ದರೆ ಕೊಕ್ಕೆಯ ಸೆಟ್ ಸರಿಯಾಗಿ ಕೂರುವುದಿಲ್ಲ. ಡಬ್ಬಿಯಲ್ಲಿ ಮೂರು ಅಳತೆಯ ರಬ್ಬರ್ ಇದ್ದರೂ 'ಸಣ್ಣದು' ಎಂಬುದೇ ಎಷ್ಟೋ ಜನರಿಗೆ ದೊಡ್ಡದು. ನಾಲ್ಕನೆಯ, ಇನ್ನೂ ಸಣ್ಣ ಅಳತೆ ಕೊಡಿ. ಒಂದೇ ಬಡ್ ಹಾಕಿಕೊಂಡರೂ ಎಡಬಲ ಎರಡೂ ಬದಿಯ ಸದ್ದು ಅದರಲ್ಲೇ ಬರುವಂತಿರಲಿ, ಎಡದ್ದಾದರೂ ಸರಿ ಬಲದ್ದಾದರೂ ಸರಿ. ಕತ್ತಲಲ್ಲಿ ಒಂಟಿಯಾಗಿ ಓಡುವ ಹುಡುಗಿ ಒಂದು ಕಿವಿಯನ್ನು ರಸ್ತೆಗೇ ಬಿಟ್ಟಿರುತ್ತಾಳೆ. ಅಡಿಕೆ ಸುಲಿಯುತ್ತ ಒಂದು ಕಿವಿಯಲ್ಲಿ ಧಾರಾವಾಹಿ, ಇನ್ನೊಂದರಲ್ಲಿ ಅಕ್ಕಪಕ್ಕದವರ ಮಾತು ಕೇಳುವ ನಮ್ಮ ತಾಯಂದಿರಿಗೂ ಇದು ಬೇಕು.

10. ತಂತಿಯ ಇಯರ್‌ಫೋನ್ ಸಾಯಬಾರದು; ಫೋನಿನ ತೂತೂ, ಎಫ್‌ಎಂ ರೇಡಿಯೋವೂ.

ಮುನ್ನೂರು ರೂಪಾಯಿಯ ತಂತಿ ಇಯರ್‌ಫೋನ್‌ಗೆ ಬ್ಯಾಟರಿ ಇಲ್ಲ, ಚಾರ್ಜ್ ಮಾಡುವುದಿಲ್ಲ, ರಾತ್ರಿಯೆಲ್ಲ ಕರೆಂಟ್ ಹೋದರೂ ಬೆಳಿಗ್ಗೆ ಹಾಡುತ್ತದೆ. ಓಡುವಾಗ ತಂತಿ ಅಂಗಿಗೆ ಉಜ್ಜಿ ಕರಕರ ಸದ್ದು ಬರುವುದು ನಿಜ. ತಂತಿಯನ್ನು ಅಂಗಿಯೊಳಗಿಂದ ತಂದು ಕೊರಳಪಟ್ಟಿಗೆ ಒಂದು ಕ್ಲಿಪ್ ಹಾಕಿದರೆ, ಇಲ್ಲವೇ ಕಿವಿಯ ಮೇಲಿನಿಂದ ಸುತ್ತಿ ಹಾಕಿಕೊಂಡರೆ ಮುಕ್ಕಾಲು ಪಾಲು ಹೋಗುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಕಾಡಂಚಿನಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆಗ ಭದ್ರಾವತಿ ಆಕಾಶವಾಣಿಯೇ ಗತಿ. ಫೋನಿನ ಎಫ್‌ಎಂಗೆ ಇಯರ್‌ಫೋನಿನ ತಂತಿಯೇ ಏರಿಯಲ್. ಬ್ಲೂಟೂತ್ ಸೆಟ್ಟಿನಿಂದ ಆ ಕೆಲಸ ಆಗುವುದಿಲ್ಲ. ಕೇಂದ್ರದ ಐಟಿ ಸಚಿವಾಲಯ 2023ರ ಏಪ್ರಿಲ್‌ನಲ್ಲಿ ಫೋನುಗಳಲ್ಲಿ ಎಫ್‌ಎಂ ಸೌಲಭ್ಯ ಮುಚ್ಚಬೇಡಿ ಎಂದು ತಯಾರಕರಿಗೆ ಸಲಹೆ ಕೊಟ್ಟಿತು. ಸಲಹೆ ಸಾಲದು, ಹತ್ತು ಹನ್ನೆರಡು ಸಾವಿರದೊಳಗಿನ ಫೋನುಗಳಲ್ಲಿ 3.5 ಎಂಎಂ ತೂತು ಮತ್ತು ಎಫ್‌ಎಂ ಕಡ್ಡಾಯವಾಗಲಿ. ಟೈಪ್-ಸಿ ತುದಿಯ ಇಯರ್‌ಫೋನ್ ಮಾರುವವರು ಅದು ಯಾವ ಫೋನಿಗೆ ಹೊಂದುತ್ತದೆ, ಯಾವುದಕ್ಕೆ ಇಲ್ಲ ಎಂಬುದನ್ನೂ ಬರೆಯಬೇಕು. ತೂತು ಒಂದೇ ಆಕಾರದ್ದಾದರೂ ಎಲ್ಲ ಫೋನಿನಲ್ಲೂ ಹಾಡುವುದಿಲ್ಲ.

11. ಹೆಡ್‌ಸೆಟ್ ಕನ್ನಡ ಮಾತಾಡಬೇಕು.

ಆನ್ ಮಾಡಿದಾಗ, ಫೋನಿಗೆ ಜೋಡಿಸಿದಾಗ, ಬ್ಯಾಟರಿ ಮುಗಿದಾಗ ಒಳಗಿನಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಕೂಗುತ್ತಾಳೆ. ನಾಲ್ಕೈದು ಮಾತು, ಅಷ್ಟೇ. 'ಚಾರ್ಜ್ ಮುಗೀತು' ಎಂದು ಕನ್ನಡದಲ್ಲಿ ಧ್ವನಿಮುದ್ರಿಸಲು ಯಾವ ಕಂಪನಿಗೂ ಹೊರೆಯಾಗದು. ಕೈಪಿಡಿಯ ಕಾಗದದಲ್ಲಿ ಚೀನಿ, ಇಂಗ್ಲಿಷ್, ಕೆಲವು ಸಲ ಅರಬ್ಬಿಯೂ ಇರುತ್ತದೆ. ಕರ್ನಾಟಕದಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು, ಸೂಚನೆ ಕನ್ನಡದಲ್ಲಿ ಇರಬೇಕೆಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಹೇಳುತ್ತದೆ. ಹೊರಗಿನಿಂದ ಬಂದು ಇಲ್ಲಿ ಮಾರಾಟವಾಗುವುದಕ್ಕೂ ಆ ನಿಯಮ ಹಬ್ಬಲಿ.

12. ಬೆಲೆಯ ನಾಟಕ ನಿಲ್ಲಬೇಕು, ತೆರಿಗೆ ಇಳಿಯಬೇಕು.

ಡಬ್ಬಿಯ ಮೇಲೆ ಎಂಆರ್‌ಪಿ 4,990, ಅದನ್ನು ಗೀಟು ಹಾಕಿ ಪಕ್ಕದಲ್ಲಿ 999. ವರ್ಷದ ಯಾವ ದಿನವೂ ಯಾರಿಗೂ 4,990ಕ್ಕೆ ಮಾರದ ಸಾಮಾನಿಗೆ ಆ ಬೆಲೆ ಬರೆಯುವುದು ಎಂಬತ್ತು ಪರ್ಸೆಂಟ್ ರಿಯಾಯಿತಿ ಎಂದು ನಂಬಿಸಲಿಕ್ಕೆ. ನಿಜವಾಗಿ ಮಾರಿದ ಬೆಲೆಗೆ ಹೊಂದುವ ಎಂಆರ್‌ಪಿಯನ್ನೇ ಅಚ್ಚು ಹಾಕಬೇಕೆಂದು ಕಾನೂನು ಮಾಪನಶಾಸ್ತ್ರ ಇಲಾಖೆ ನಿಯಮ ತರಲಿ.

ಹೆಡ್‌ಫೋನ್ ಮೇಲೆ ಜಿಎಸ್‌ಟಿ 18 ಪರ್ಸೆಂಟ್. 1,500 ರೂಪಾಯಿಯಲ್ಲಿ ಸುಮಾರು 229 ರೂಪಾಯಿ ತೆರಿಗೆಯೇ ಆಯಿತು. 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಮೇಲಿನ ತೆರಿಗೆಯನ್ನು 18ರಿಂದ 5ಕ್ಕೆ ಇಳಿಸಿದ್ದೀರಿ, ಸಂತೋಷ. ರಸ್ತೆಯೇ ಜಿಮ್ ಆಗಿರುವವರಿಗೆ ಅದರಿಂದ ಬಿಡಿಗಾಸೂ ಉಳಿದಿಲ್ಲ. 1,500ರೊಳಗಿನ ಹೆಡ್‌ಸೆಟ್‌ಗೂ 5 ಮಾಡಿ.

13. ಖೋಟಾ ಮಾಲು ಹಿಡಿಯಬೇಕು.

ವೈರ್‌ಲೆಸ್ ಹೆಡ್‌ಫೋನ್, ಇಯರ್‌ಫೋನ್‌ಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಡಬ್ಬಿಯ ಮೇಲೆ ಮಾನಕದ ಸಂಖ್ಯೆಯ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಯದು ಎಂದು ಗೊತ್ತಾಗುತ್ತದೆ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಇನ್ನೂರಕ್ಕೆ ಸಿಗುವ 'ಬ್ರ್ಯಾಂಡ್' ಬಡ್ಸ್‌ಗಳಲ್ಲಿ ಈ ಗುರುತು ಇರುವುದಿಲ್ಲ, ಇದ್ದರೂ ಸಂಖ್ಯೆ ಬೇರೆ ಏನನ್ನೋ ತೋರಿಸುತ್ತದೆ. ಕಿವಿಗೆ ಅಂಟಿಕೊಂಡಿರುವ ಬ್ಯಾಟರಿ ಅದು. ಯಾರು ಮಾಡಿದ್ದೆಂದೇ ಗೊತ್ತಿಲ್ಲದ್ದನ್ನು ಹಾಕಿಕೊಳ್ಳಬಾರದು. ಬ್ಯೂರೋದವರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದಾಳಿ ಮಾಡಿದರೆ ಸಾಲದು, ತಾಲ್ಲೂಕು ಸಂತೆಗೂ ಬರಲಿ.

14. ಅಂಗಡಿಯಲ್ಲಿ ಹಾಕಿ ನೋಡಲು ಬಿಡಬೇಕು.

ಚಪ್ಪಲಿಯನ್ನು ಹಾಕಿ ನಡೆದು ನೋಡಿ ಕೊಳ್ಳುತ್ತೇವೆ, ಹೆಡ್‌ಸೆಟ್ಟನ್ನು ಗಾಜಿನಾಚೆಯಿಂದ ನೋಡಿ ಕೊಳ್ಳಬೇಕು. ಓಟಕ್ಕೆ ಕೊಳ್ಳುವಾಗ ಸದ್ದಿಗಿಂತ ಮೊದಲು ನೋಡಬೇಕಾದದ್ದು ಕೂರುವ ಬಗೆಯನ್ನು. ಹಾಕಿಕೊಂಡು ತಲೆ ಎಡಬಲ ಜೋರಾಗಿ ಅಲ್ಲಾಡಿಸಿ, ಬಾಯಿ ಅಗಲ ತೆರೆದು ಮುಚ್ಚಿ, ನಿಂತಲ್ಲೇ ನಾಲ್ಕು ಸಲ ಜಿಗಿಯಿರಿ. ಅಷ್ಟಕ್ಕೇ ಜಾರಿದರೆ ಅಮ್ಮನಗುಡ್ಡದ ಏರಿನಲ್ಲಿ ಕಿವಿಯಲ್ಲಿ ನಿಲ್ಲುವುದಿಲ್ಲ. ಪ್ರತಿ ಅಂಗಡಿಯಲ್ಲಿ ಬಗೆಗೊಂದರಂತೆ ಪರೀಕ್ಷೆಯ ಸೆಟ್ ಇರಲಿ, ಒಬ್ಬರು ಹಾಕಿದ ಮೇಲೆ ರಬ್ಬರ್ ಬದಲಿಸಲಿ, ಸ್ಪಿರಿಟ್ ಹತ್ತಿಯಿಂದ ಒರೆಸಲಿ. ಅದಕ್ಕೆ ಬೇಕಾದ ಸೆಟ್ಟನ್ನು ಕಂಪನಿ ಉಚಿತವಾಗಿ ಕೊಡಲಿ. ಸಣ್ಣ ಅಂಗಡಿಯವರ ತಲೆಗೆ ಈ ಖರ್ಚು ಕಟ್ಟಬೇಡಿ.

15. ಸದ್ದಿಗೆ ಕಡಿವಾಣ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ನಾಲ್ಕೇ ಗಂಟೆ. ಗಾಳಿ, ಟ್ರ್ಯಾಕ್ಟರ್ ಸದ್ದಿನ ಮೇಲೆ ಹಾಡು ಕೇಳಲೆಂದು ಓಡುವಾಗ ನಾವು ವಾಲ್ಯೂಮ್ ಏರಿಸುತ್ತಲೇ ಹೋಗುತ್ತೇವೆ. ತೆರೆದ ಕಿವಿಯ ಸೆಟ್ಟಿನಲ್ಲಿ ಈ ಚಟ ಇನ್ನೂ ಹೆಚ್ಚು, ಇದನ್ನು ಮುಚ್ಚಿಡುವುದಿಲ್ಲ. ವಾರಕ್ಕೆ ಎಷ್ಟು ಸದ್ದು ಕೇಳಿದೆವೆಂದು ಲೆಕ್ಕವಿಟ್ಟು ಎಚ್ಚರಿಸುವ ಮಾನದಂಡವನ್ನು ಆ ಸಂಸ್ಥೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜೊತೆ 2018ರಲ್ಲೇ ರೂಪಿಸಿದೆ. ಅಗ್ಗದ ಸೆಟ್ಟಿಗೂ ಅದು ಬರಲಿ. ಕಿವುಡುತನ ಬಂದಮೇಲೆ ಹಿಂದಕ್ಕೆ ಹೋಗುವುದಿಲ್ಲ. ಪೊಲೀಸ್ ಭರ್ತಿಯ ವೈದ್ಯಕೀಯ ಪರೀಕ್ಷೆಯಲ್ಲಿ ಕಿವಿಯನ್ನೂ ನೋಡುತ್ತಾರೆ ಎಂಬುದು ನಮ್ಮ ಹುಡುಗರಿಗೆ ನೆನಪಿರಲಿ.

16. ಪಂಚಾಯಿತಿಗಳು ಮೈದಾನ ತೆರೆಯಲಿ, ದೀಪ ಹಾಕಿಸಲಿ.

ಶಾಲೆಯ ಮೈದಾನದ ಗೇಟು ಬೆಳಗಿನ ಐದಕ್ಕೆ ತೆರೆದಿದ್ದರೆ, ಒಳಗೆ ದೀಪವಿದ್ದರೆ ನಾವು ರಸ್ತೆಗೇ ಹೋಗುವುದಿಲ್ಲ. ಆನೆ ಬಂದ ಸುದ್ದಿ ಅರಣ್ಯ ಇಲಾಖೆಗೆ ತಿಳಿದ ಕೂಡಲೇ ಊರಿನ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರಲಿ.

17. ಇನ್ನು ನಾವು.

ಕಾಡಿನ ಬದಿಯಲ್ಲಿ, ಬೆಳಕು ಹರಿಯುವ ಮೊದಲು, ಎಂಥ ಸೆಟ್ ಇದ್ದರೂ ಕಿವಿಗೆ ಹಾಕುವುದಿಲ್ಲ. ರಸ್ತೆಯ ಬಲಬದಿಯಲ್ಲಿ, ಎದುರಿನ ವಾಹನ ಕಾಣುವಂತೆ ಓಡುತ್ತೇವೆ. ಬೈಕ್ ಹತ್ತುವಾಗ ಸೆಟ್ ಜೇಬಿಗೆ. ಓಡಿ ಬಂದಮೇಲೆ ಒಣ ಹತ್ತಿಬಟ್ಟೆಯಿಂದ ಒರೆಸಿ, ಆರಿದ ನಂತರವೇ ಡಬ್ಬಿಗೆ ಹಾಕುತ್ತೇವೆ. ಒಬ್ಬರ ರಬ್ಬರ್ ಇನ್ನೊಬ್ಬರ ಕಿವಿಗೆ ಹೋಗುವುದಿಲ್ಲ. ಕಿವಿಯ ಸೋಂಕು ಹಾಗೆಯೂ ಹರಡಬಹುದು.

ವಾರದಲ್ಲಿ ಎರಡು ದಿನವಾದರೂ ಹಾಡಿಲ್ಲದೆ ಓಡುತ್ತೇವೆ. ವಿಶ್ವ ಅಥ್ಲೆಟಿಕ್ಸ್‌ನ ನಿಯಮದಂತೆ ಸ್ಪರ್ಧೆಯ ಅಂಗಳದೊಳಗೆ ರೇಡಿಯೋ, ಫೋನ್ ಇಟ್ಟುಕೊಳ್ಳುವಂತೆಯೇ ಇಲ್ಲ. ಭರ್ತಿಯ ಟ್ರ್ಯಾಕಿನಲ್ಲೂ ಹೆಡ್‌ಸೆಟ್‌ಗೆ ಜಾಗವಿಲ್ಲ. ಹಾಡಿನ ತಾಳಕ್ಕೇ ಒಗ್ಗಿದ ಕಾಲು ಆ ದಿನ ತನ್ನ ಉಸಿರಿನ ಸದ್ದು ಕೇಳಿಯೇ ಗಾಬರಿಯಾಗಬಾರದು.

18. ದೂರು ಕೊಡುವವರನ್ನು ಸತಾಯಿಸಬಾರದು.

2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆನ್‌ಲೈನ್ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಸ್ವೀಕರಿಸಿದೆವೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೇ ಇಲ್ಲ. ಸಾವಿರ ರೂಪಾಯಿಗೆ ಯಾರು ಕೋರ್ಟಿಗೆ ಹೋಗುತ್ತಾರೆ ಎಂಬ ಧೈರ್ಯದಲ್ಲಿ ಕಂಪನಿಗಳಿವೆ. ಬಿಲ್ ಇಟ್ಟುಕೊಳ್ಳಿ, ನಾವು ಹೋಗುತ್ತೇವೆ.

ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಓಡುವವರಲ್ಲಿ ವಿನಂತಿ. ನಮ್ಮದು ಅರೆಮಲೆನಾಡಿನ ಮಳೆ, ಅಡಿಕೆಯ ಟ್ರ್ಯಾಕ್ಟರ್, ಆನೆ. ನಿಮ್ಮ ಕಷ್ಟ ಬೇರೆ ಇರಬಹುದು: ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯದ ಬದಿಯ ಜಗಳೂರಿನವರು ಧೂಳಿನ ಬೇಡಿಕೆಯನ್ನು ನಮಗಿಂತ ಗಟ್ಟಿಯಾಗಿ ಬರೆಯಬಲ್ಲರು. ನಿಮ್ಮ ಊರಿನ ಬೇಡಿಕೆ ಸೇರಿಸಿ, ಸಹಿ ಹಾಕಿ, ಕೆಟ್ಟುಹೋದ ಸೆಟ್ಟಿನ ಬಿಲ್ಲಿನ ನಕಲು ಲಗತ್ತಿಸಿ ಕಳಿಸಿ. ನಮ್ಮದೂ ಸೇರಿ ನಾಲ್ಕೂ ತಾಲ್ಲೂಕಿನದನ್ನು ಒಟ್ಟು ಮಾಡಿ ದಾವಣಗೆರೆಯಲ್ಲಿ ಜಿಲ್ಲಾಧಿಕಾರಿಗಳ ಮೂಲಕ ಸಂಬಂಧಪಟ್ಟ ಇಲಾಖೆಗಳಿಗೆ ಸಲ್ಲಿಸುತ್ತೇವೆ.

ಇಂತಿ,
ಉಬ್ರಾಣಿ ಹೋಬಳಿಯ ಬೆಳಗಿನ ಓಟದವರು